ಆಘಾತೋತ್ತರ ಒತ್ತಡ ಕಾಯಿಲೆ: ವಯಸ್ಸು ಮತ್ತು ಲಿಂಗ

ಪ್ರಾಣಕ್ಕೇ ಸಂಚಕಾರ ತಂದ ಘಟನೆಯೊಂದು ಕಳೆದು ತಿಂಗಳಾದರೂ ಕಣ್ಣೆದುರು ಮರುಕಳಿಸುವುದು, ಸಣ್ಣ ಸದ್ದಿಗೂ ಬೆಚ್ಚುವುದು, ನಿದ್ದೆಗೆಡುವುದು, ಆ ಜಾಗದತ್ತ ಸುಳಿಯದಿರುವುದು ಈ ಕಾಯಿಲೆಯ ಲಕ್ಷಣ. ಆಸ್ಪತ್ರೆಗಳಲ್ಲಿ ಪಿಟಿಎಸ್‌ಡಿ ಎಂದೇ ರೂಢಿ. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಈ ಹೆಸರನ್ನು ತನ್ನ ಕೈಪಿಡಿಗೆ ಸೇರಿಸಿತು. ಕವಲಂದೆ ಸೀಮೆಯ ಅಜ್ಜಿಯರು ‘ಮಗು ಬೆಚ್ಚಿದೆ’ ಎಂದು ತಾಯ್ತ ಕಟ್ಟಿಸುವಾಗ ಹೇಳುವುದೂ ಇದಕ್ಕೆ ದೂರದ ಮಾತಲ್ಲ.

ಮೊದಲು ಇದು ಗಂಡಸರ, ಅದರಲ್ಲೂ ಸೈನಿಕರ ಕಾಯಿಲೆಯೆನಿಸಿತ್ತು. ಬ್ರಿಟಿಷ್ ಸೇನೆಯ ವೈದ್ಯ ಚಾರ್ಲ್ಸ್ ಮೈಯರ್ಸ್ 1915ರಲ್ಲಿ ‘ಶೆಲ್ ಶಾಕ್’ ಕುರಿತು ಬರೆದದ್ದು ಯುದ್ಧದ ರೋಗಿಗಳನ್ನು ನೋಡಿ. ಅತ್ಯಾಚಾರಕ್ಕೊಳಗಾದ ಹೆಂಗಸರಲ್ಲೂ ಇಂಥದೇ ಲಕ್ಷಣಗಳಿವೆ ಎಂದು ಸಂಶೋಧಕರಾದ ಬರ್ಜೆಸ್ ಮತ್ತು ಹೋಮ್‌ಸ್ಟ್ರಾಮ್ ತೋರಿಸಲು 1974 ಬರಬೇಕಾಯಿತು. ಮಕ್ಕಳ ಸರದಿ ಇನ್ನೂ ತಡ. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶಾಲಾ ಬಸ್ಸಿನಿಂದ ಅಪಹರಣಕ್ಕೊಳಗಾದ 26 ಮಕ್ಕಳಲ್ಲಿ ಹೆಚ್ಚಿನವರನ್ನು ಮಾತಾಡಿಸಿದ ಮನೋವೈದ್ಯೆ ಲೆನೋರ್ ಟೆರ್, ಮಕ್ಕಳು ಹೇಳದೆ ಉಳಿಸಿಕೊಂಡದ್ದನ್ನು ಆಟದಲ್ಲಿ ಆಡಿ ತೋರಿಸುತ್ತಾರೆ ಎಂದು ಕಂಡುಕೊಂಡರು.

ಬೆಂಗಳೂರಿನಲ್ಲಿ 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಅಲ್ಲಿನ ಮನೋವೈದ್ಯಕೀಯ ಸಂಸ್ಥೆ ನಿಮ್ಹಾನ್ಸಿನ ವೈದ್ಯರು ಸತ್ತವರ ಬಂಧುಗಳನ್ನು ಅಧ್ಯಯನ ಮಾಡಿ 1987ರಲ್ಲಿ ಪ್ರಕಟಿಸಿದರು. ಅದರ ವಿಷಯ ಬಂಧುಗಳ ದುಃಖ. ಡೇರೆಯಿಂದ ಬದುಕಿ ಬಂದ ಮಕ್ಕಳ ಭಯವಲ್ಲ.

1984ರ ಭೋಪಾಲ್ ಅನಿಲ ದುರಂತದ ನಂತರ ನಿಮ್ಹಾನ್ಸ್‌ನ ಆರ್. ಶ್ರೀನಿವಾಸಮೂರ್ತಿ ಮತ್ತು ಮೋಹನ್ ಐಸಾಕ್ ಅಲ್ಲಿನ ಸಾಮಾನ್ಯ ವೈದ್ಯರಿಗೆ ಮನೋರೋಗ ಗುರುತಿಸುವ ತರಬೇತಿ ಕೊಟ್ಟರು. ಲಖನೌದ ಮನೋವೈದ್ಯರ ತಂಡ ಭೋಪಾಲಿನ ಚಿಕಿತ್ಸಾಲಯಗಳಿಗೆ ಬಂದ 855 ಜನರನ್ನು ತಪಾಸಿಸಿದಾಗ 22.6% ಮಂದಿಗೆ ಮಾನಸಿಕ ಕಾಯಿಲೆಯಿತ್ತು. ಅವರಲ್ಲಿ 81.1% ಹೆಂಗಸರು, 74% ಮಂದಿ 45 ದಾಟದವರು. ಈ ಅಂಕಿಯನ್ನು ಎಚ್ಚರದಿಂದ ಓದಬೇಕು: ಇದು ಚೀಟಿ ಬರೆಸಿ ಸಾಲಿನಲ್ಲಿ ನಿಂತವರ ಲೆಕ್ಕ, ಊರಿನ ಲೆಕ್ಕವಲ್ಲ. ಬರೆದ ರೋಗದ ಹೆಸರುಗಳೂ ಬಹುಪಾಲು ಖಿನ್ನತೆ, ಆತಂಕ ಎಂದೇ.

ಮನೆಮನೆ ಸಮೀಕ್ಷೆಗಳಲ್ಲೂ ಹೆಂಗಸರದೇ ಹೆಚ್ಚು ಸಂಖ್ಯೆ. ಅಮೆರಿಕದಲ್ಲಿ 1995ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಆಘಾತ ಕಂಡ ಗಂಡಸರು 60.7%, ಹೆಂಗಸರು 51.2%, ಜೀವನದಲ್ಲೊಮ್ಮೆ ಕಾಯಿಲೆಗೆ ಬಿದ್ದವರು ಮಾತ್ರ 5% ಮತ್ತು 10.4%. ಹೆಂಗಸರ ಪಾಲಿಗೆ ಬರುವ ಲೈಂಗಿಕ ಹಿಂಸೆ ಇದಕ್ಕೊಂದು ಕಾರಣ, ಆದರೆ ಅದೊಂದರಿಂದಲೇ ಲೆಕ್ಕ ಸರಿಹೋಗುವುದಿಲ್ಲ. ವಯಸ್ಸನ್ನೂ ಜೊತೆಗಿಟ್ಟು ನೋಡಿದವರು ಡೆನ್ಮಾರ್ಕಿನ ಸಂಶೋಧಕರಾದ ಡಿಟ್ಲೆವ್ಸೆನ್ ಮತ್ತು ಎಲ್ಕ್ಲಿಟ್. 2010ರ ಅವರ ಅಧ್ಯಯನದಲ್ಲಿ ಗಂಡಸರಲ್ಲಿ ಕಾಯಿಲೆ ನಲವತ್ತರ ಆರಂಭದಲ್ಲಿ, ಹೆಂಗಸರಲ್ಲಿ ಐವತ್ತರ ಆರಂಭದಲ್ಲಿ ಅತಿ ಹೆಚ್ಚು. ಹತ್ತು ವರ್ಷದ ಈ ಅಂತರ ಡೆನ್ಮಾರ್ಕಿನ ಬದುಕಿನದೋ, ಎಲ್ಲ ಕಡೆಯದೋ ಎಂಬ ಪ್ರಶ್ನೆ ನಮ್ಮವರಿಗೆ ಉಳಿದೇ ಇದೆ.

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ವಯಸ್ಕರಲ್ಲಿ ಈ ಕಾಯಿಲೆಯನ್ನು ಸುಮಾರು 0.2% ಎಂದಿತು. ಪೂರ್ವಪ್ರಯೋಗ ಕೋಲಾರದಲ್ಲಿ ನಡೆದರೂ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಎಣಿಕೆಗೆ ಸಿಗದವರೂ ಇರಬಹುದು: ಹಳ್ಳಿಯ ಹೆಂಗಸು ಡಾಕ್ಟರೆದುರು ಕೂತು ‘ಎದೆ ಡವಡವ ಅಂತದೆ, ಕೈಕಾಲು ಸೇದ್ತದೆ’ ಎಂದರೆ, ಗಂಡಸು ಕುಡಿತ ಬಿಡಿಸಿಕೊಳ್ಳಲು ಬಂದರೆ, ಮೂಲದ ಘಟನೆಯನ್ನು ಯಾರಾದರೂ ಕೇಳಿದರಷ್ಟೇ ಅದು ಹೊರಬೀಳುತ್ತದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವುದು ಮಂಗಳವಾರ. 2022ರ ಅಕ್ಟೋಬರ್ 10ರಿಂದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಹೇಳಿಕೊಳ್ಳಬಹುದು.