ಅಸಮತೋಲ ದರದ ಟೆಂಡರುಗಳ ತಿರಸ್ಕಾರ

ಸರ್ಕಾರಿ ನಿರ್ಮಾಣ ಕಾಮಗಾರಿಗೆ ಗುತ್ತಿಗೆದಾರನು ಸಲ್ಲಿಸುವ ಟೆಂಡರಿನ ಒಟ್ಟು ಮೊತ್ತವು ನೋಡುವುದಕ್ಕೆ ಅಲ್ಪವಾಗಿದ್ದರೂ, ಆ ಮೊತ್ತದೊಳಗೆ ಅಡಗಿರುವ ಬೇರೆ ಬೇರೆ ಬಾಬ್ತುಗಳ ದರಗಳು ಕೆಲಸದ ನಿಜವಾದ ವೆಚ್ಚಕ್ಕೆ ಸಂಬಂಧವಿಲ್ಲದಂತೆ ಕೆಲವೆಡೆ ವಿಪರೀತ ಏರಿ, ಕೆಲವೆಡೆ ವಿಪರೀತ ಇಳಿದಿದ್ದರೆ, ಅದನ್ನು ಅಸಮತೋಲ ದರದ ಟೆಂಡರು ಎನ್ನುವರು. ಕರ್ನಾಟಕದಲ್ಲಿ ಇಂಥ ಟೆಂಡರಿನ ಪರಿಶೀಲನೆಗೂ ಆವಶ್ಯಕವಾದಲ್ಲಿ ಅದರ ತಿರಸ್ಕಾರಕ್ಕೂ ಆಧಾರವಾಗಿರುವವು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 2000ದ ನಿಯಮಗಳು, ಹಾಗೂ ಕೆ.ಡಬ್ಲ್ಯು. ಎಂಬ ಸಂಕೇತದಿಂದ ಇಲಾಖೆಗಳಲ್ಲಿ ಬಳಕೆಯಲ್ಲಿರುವ ಮಾದರಿ ಟೆಂಡರು ದಾಖಲೆಗಳು.

ಅಸಮತೋಲವು ಎಲ್ಲ ಬಗೆಯ ಟೆಂಡರುಗಳಲ್ಲಿಯೂ ಹುಟ್ಟುವುದಿಲ್ಲ. ಇಲಾಖೆಯ ಅಂದಾಜಿಗೆ ಇಷ್ಟು ಶೇಕಡಾ ಹೆಚ್ಚು ಅಥವಾ ಇಷ್ಟು ಶೇಕಡಾ ಕಡಿಮೆ ಎಂದು ಒಂದೇ ಅಂಕಿಯನ್ನು ಬರೆಯುವ ಶೇಕಡಾವಾರು ಟೆಂಡರಿನಲ್ಲಿ ಎಲ್ಲ ದರಗಳೂ ಒಂದೇ ಪ್ರಮಾಣದಲ್ಲಿ ಏರಿಳಿಯುವುದರಿಂದ ಬಾಬ್ತು ಬಾಬ್ತುಗಳ ನಡುವೆ ಗುತ್ತಿಗೆದಾರನು ಹಣವನ್ನು ಸರಿಸಿಡಲಾರನು. ಪ್ರತಿಯೊಂದು ಬಾಬ್ತಿಗೂ ಪ್ರತ್ಯೇಕ ದರವನ್ನು ತುಂಬುವ ಐಟಂ ರೇಟ್ ಟೆಂಡರಿನಲ್ಲಿಯೇ ಇದಕ್ಕೆ ಅವಕಾಶ. ಅಲ್ಲಿ ಎರಡು ಉದ್ದೇಶಗಳು ಕೆಲಸ ಮಾಡುತ್ತವೆ. ಮೊದಲು ಮುಗಿಯುವ ಮಣ್ಣು ಕೆಲಸಕ್ಕೆ ಹೆಚ್ಚು ದರವನ್ನೂ, ಕೊನೆಗೆ ಬರುವ ಡಾಂಬರು, ಚರಂಡಿ, ಗಿಲಾವುಗಳಿಗೆ ಕಡಿಮೆ ದರವನ್ನೂ ಹಾಕಿ, ಆರಂಭದ ರನ್ನಿಂಗ್ ಬಿಲ್ಲುಗಳಲ್ಲಿಯೇ ಲಾಭವನ್ನೆಲ್ಲ ಎತ್ತಿಕೊಳ್ಳುವುದು ಒಂದು. ಅಂಥವನಿಗೆ ಅರ್ಧ ಮುಗಿದ ಕಾಮಗಾರಿಯಲ್ಲಿ ಉಳಿದಿರತಕ್ಕ ಆಸಕ್ತಿ ಅತ್ಯಲ್ಪ. ಅಂದಾಜು ಪಟ್ಟಿಯ ಪರಿಮಾಣಗಳಲ್ಲಿ ಯಾವುದು ಕೆಲಸದ ವೇಳೆ ಬೆಳೆಯುವುದು, ಯಾವುದು ಕುಗ್ಗುವುದು ಎಂಬುದನ್ನು ಮೊದಲೇ ಕಂಡುಕೊಂಡು, ಬೆಳೆಯುವುದಕ್ಕೆ ಹೆಚ್ಚಿನ ದರವನ್ನು, ಕುಗ್ಗುವುದಕ್ಕೆ ಹೆಸರಿಗೆ ಮಾತ್ರ ಒಂದು ದರವನ್ನು ಬರೆಯುವುದು ಇನ್ನೊಂದು. ಎರಡನೆಯದೇ ಹೆಚ್ಚು ಅಪಾಯಕರ.

ಯಾದಗಿರಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಬಳಿಚಕ್ರದ ಬಳಿ ಒಂದು ರಸ್ತೆಯ ಕೆಲಸವನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಗುಡ್ಡದ ಕರಿಗಲ್ಲು ಒಂದೆಡೆ, ಮಳೆಗೆ ಹಿಗ್ಗಿ ಬೇಸಗೆಗೆ ಬಿರಿಯುವ ಎರೆಮಣ್ಣು ಇನ್ನೊಂದೆಡೆ ಇರುವುದರಿಂದ, ನೆಲದೊಳಗೆ ಎಷ್ಟು ಬಂಡೆ, ಎಷ್ಟು ಎರೆ ಎಂಬುದು ಅಗೆಯುವ ತನಕ ಖಚಿತವಾಗುವುದು ಕಷ್ಟ. ಅಂದಾಜಿನಲ್ಲಿ ಎರೆಯನ್ನು ತೆಗೆದು ಮರಂ ಎಂಬ ಗರಸು ಮಣ್ಣು ತುಂಬುವ ಕೆಲಸ 4,000 ಘನ ಮೀಟರು, ಗಟ್ಟಿ ಬಂಡೆಯ ಅಗೆತ 1,000 ಘನ ಮೀಟರು ಎಂದೂ, ಇಲಾಖೆಯ ದರಗಳು ಕ್ರಮವಾಗಿ 300 ಮತ್ತು 500 ರೂಪಾಯಿ ಎಂದೂ ಇರಲಿ. ಅಂದಾಜು 17,00,000 ರೂಪಾಯಿ. ಮೊದಲನೆಯ ಗುತ್ತಿಗೆದಾರನು ಇದೇ ದರಗಳನ್ನು ಬರೆಯುತ್ತಾನೆ. ಎರಡನೆಯವನು ಮರಂಗೆ 380, ಬಂಡೆಗೆ 100 ಎಂದು ಬರೆದು 16,20,000ಕ್ಕೆ ಇಳಿದು, 80,000 ರೂಪಾಯಿಯ ಅಂತರದಿಂದ ಎಲ್-1, ಅಂದರೆ ಅತ್ಯಂತ ಕಡಿಮೆ ಮೊತ್ತದ ಟೆಂಡರುದಾರ, ಆಗುತ್ತಾನೆ. ಕೆಲಸ ನಡೆದಾಗ ಬಂಡೆ 200 ಘನ ಮೀಟರಿಗೆ ಇಳಿದು ಮರಂ 6,000ಕ್ಕೆ ಏರಿತೆನ್ನೋಣ. ಮೊದಲನೆಯವನಿಗೆ ಸಲ್ಲುತ್ತಿದ್ದ ಹಣ 19,00,000. ಎರಡನೆಯವನಿಗೆ ಸಲ್ಲುವುದು 23,00,000. ಅತ್ಯಂತ ಕಡಿಮೆಯೆಂದು ಅಂಗೀಕೃತವಾದ ಟೆಂಡರು ಅಳತೆ ಪುಸ್ತಕ ಮುಚ್ಚುವ ಹೊತ್ತಿಗೆ ನಾಲ್ಕು ಲಕ್ಷದಷ್ಟು ದುಬಾರಿಯಾಗಿರುತ್ತದೆ.

ಪರಿಮಾಣವು ನಿಗದಿಯಾದ ಮಿತಿಯನ್ನು, ಸಾಮಾನ್ಯವಾಗಿ ಶೇ. 25ನ್ನು, ಮೀರಿ ಬೆಳೆದರೆ ಮೀರಿದ ಭಾಗಕ್ಕೆ ಟೆಂಡರಿನ ದರವನ್ನು ಬಿಟ್ಟು ದರಸೂಚಿಯಿಂದ ಹೊರಟ ದರವನ್ನು ಕೊಡಬೇಕೆಂಬ ಕರಾರು ಇದಕ್ಕೆ ಒಂದು ತಡೆ. ಆದರೆ ಪೂರ್ಣ ಪರಿಹಾರವಲ್ಲ. ಮೇಲಿನ ಲೆಕ್ಕದಲ್ಲಿಯೇ 5,000 ಘನ ಮೀಟರಿನವರೆಗೆ 380ರಂತೆ, ಉಳಿದ 1,000ಕ್ಕೆ ಟೆಂಡರಿನ ಒಟ್ಟು ಇಳಿತವನ್ನು ಅನ್ವಯಿಸಿ ಸುಮಾರು 286ರಂತೆ ಕೊಟ್ಟರೂ, ಸರ್ಕಾರಕ್ಕೆ ಮೂರು ಲಕ್ಷಕ್ಕೆ ಮಿಕ್ಕಿದ ನಷ್ಟ ಉಳಿಯುತ್ತದೆ.

ಅಧಿನಿಯಮದ 13ನೆಯ ಪ್ರಕರಣವು, ಟೆಂಡರು ದಾಖಲೆಯಲ್ಲಿ ಮೊದಲೇ ನಮೂದಿಸಿದ ವಸ್ತುನಿಷ್ಠ ಅಂಶಗಳ ಆಧಾರದ ಮೇಲೆ ಅತ್ಯಂತ ಕಡಿಮೆಯೆಂದು ನಿರ್ಣೀತವಾದ ಟೆಂಡರನ್ನು ಅಂಗೀಕರಿಸುವಂತೆ ವಿಧಿಸುತ್ತದೆ. ಅಸಮತೋಲದ ಷರತ್ತು ಇರುವುದು ಮಾದರಿ ದಾಖಲೆಯಲ್ಲಿ. ಇದರ ಒಕ್ಕಣೆ ವಿಶ್ವಬ್ಯಾಂಕಿನ ಮಾದರಿಗೆ ತೀರ ಸಮೀಪವಾದದ್ದು. ಯಶಸ್ವಿ ಟೆಂಡರುದಾರನ ದರಗಳು ಇಂಜಿನಿಯರರ ಅಂದಾಜಿಗೆ ಹೋಲಿಸಿದರೆ ಗಂಭೀರವಾಗಿ ಅಸಮತೋಲವಾಗಿದ್ದಲ್ಲಿ, ಬೇಕಾದ ಬಾಬ್ತುಗಳಿಗೆ ವಿವರವಾದ ದರ ವಿಶ್ಲೇಷಣೆಯನ್ನು ಕೇಳಬಹುದು. ಅದನ್ನು ಪರಿಶೀಲಿಸಿದ ಬಳಿಕ ಗುತ್ತಿಗೆದಾರನ ಖರ್ಚಿನಲ್ಲಿಯೇ ಭದ್ರತಾ ಠೇವಣಿಯನ್ನು ಹೆಚ್ಚಿಸುವಂತೆ ಆಜ್ಞಾಪಿಸಬಹುದು. ಆ ಠೇವಣಿಯನ್ನು ಒದಗಿಸದವನು ಕಾಮಗಾರಿಯನ್ನೂ, ಟೆಂಡರಿನೊಡನೆ ಕಟ್ಟಿದ ಇ.ಎಂ.ಡಿ. ಎಂಬ ಠೇವಣಿಯನ್ನೂ ಕಳೆದುಕೊಳ್ಳುತ್ತಾನೆ. ಹೀಗೆ ನಮ್ಮಲ್ಲಿ ತಿರಸ್ಕಾರವು ಬಹುಮಟ್ಟಿಗೆ ನೇರವಾಗಿ ಬಾರದೆ ಈ ಬಳಸುದಾರಿಯಿಂದ ಬರುತ್ತದೆ. ಎಲ್ಲ ಟೆಂಡರುಗಳನ್ನೂ ಒಟ್ಟಿಗೆ ತಿರಸ್ಕರಿಸುವುದಕ್ಕೆ 14ನೆಯ ಪ್ರಕರಣ ಉಂಟಾದರೂ, ಅದರ ಉದ್ದೇಶವೇ ಬೇರೆ: ಕಾಮಗಾರಿಯ ಸ್ವರೂಪ ಬದಲಾದಾಗ, ನಿರೀಕ್ಷಿಸಿದ ಹಣ ಒದಗದಿದ್ದಾಗ, ವಿಪತ್ತು ಸಂಭವಿಸಿದಾಗ ಬಳಸತಕ್ಕ ಅಧಿಕಾರವದು.

ಇಲ್ಲಿಯೇ ಈ ವ್ಯವಸ್ಥೆಯ ದೌರ್ಬಲ್ಯವೂ ಇದೆ. ಹೆಚ್ಚಿದ ಠೇವಣಿಯು ಗುತ್ತಿಗೆದಾರನು ಕೆಲಸವನ್ನು ನಡುವೆ ಬಿಟ್ಟುಹೋದರೆ ಉಂಟಾಗುವ ನಷ್ಟವನ್ನು ತುಂಬೀತು. ಆದರೆ ಕೆಲಸವನ್ನು ಕ್ರಮವಾಗಿ ಮುಗಿಸಿ, ಬೆಳೆದ ಪರಿಮಾಣಕ್ಕೆ ಏರಿಸಿದ ದರದಲ್ಲಿ ಬಿಲ್ಲು ಪಡೆದವನಿಂದ ಅದು ಒಂದು ಕಾಸನ್ನೂ ಮರಳಿಸದು, ಏಕೆಂದರೆ ಅವನು ಯಾವ ಕರಾರನ್ನೂ ಮುರಿದಿರುವುದಿಲ್ಲ. ಆದುದರಿಂದ ಅಸಮತೋಲವು ಪರಿಮಾಣದ ತಪ್ಪನ್ನು ಅವಲಂಬಿಸಿದೆಯೆಂದು ಕಂಡಲ್ಲಿ ಠೇವಣಿಯನ್ನು ಏರಿಸಿ ಸುಮ್ಮನಾಗದೆ, ಸಂಭವನೀಯ ಪರಿಮಾಣಗಳಿಂದ ಎಲ್ಲ ಟೆಂಡರುಗಳನ್ನೂ ಮರುಲೆಕ್ಕ ಹಾಕಿ ನೋಡುವುದೇ ಯುಕ್ತ. ಅಂಥ ತಪ್ಪಿನ ಮೂಲವಾದರೋ ಇಲಾಖೆಯ ಅಂದಾಜು ಪಟ್ಟಿಯೇ. ನಾರಾಯಣಪುರ ಎಡದಂಡೆ ಕಾಲುವೆಯ ಸೀಮೆಯಲ್ಲಿ ಕೆಲಸ ಮಾಡಿದವರಿಗೆ, ಎರೆಯಲ್ಲಿ ಕಾಲುವೆ ತೋಡುವಾಗ ಸಿ.ಎನ್.ಎಸ್. ಎಂದು ಕರೆಯುವ, ನೀರು ತಾಕಿದರೆ ಹಿಗ್ಗದ ಮಣ್ಣಿನ ಪದರವನ್ನು ಎಷ್ಟು ದಪ್ಪ ಹಾಕಬೇಕಾದೀತೆಂಬುದು ಅಂದಾಜನ್ನೇ ಬದಲಿಸಬಲ್ಲ ಪ್ರಶ್ನೆಯೆಂದು ಗೊತ್ತು. ಪರೀಕ್ಷಾ ಗುಂಡಿಗಳನ್ನು ತೆಗೆಸಿ ನೋಡದೆ, ಹಿಂದಿನ ಕಾಮಗಾರಿಯ ಅಂಕಿಗಳನ್ನು ಎತ್ತಿಬರೆದ ಅಂದಾಜು ನೆಲವನ್ನು ಬಲ್ಲ ಗುತ್ತಿಗೆದಾರನಿಗೆ ಬಾಗಿಲು ತೆರೆದಂತೆಯೇ ಸರಿ. ಅವನ ಜಾಣತನವನ್ನು ದೂರುವ ಮೊದಲು ಆ ಪಟ್ಟಿಗೆ ಸಹಿ ಹಾಕಿದ ಕಚೇರಿಯನ್ನು ಪ್ರಶ್ನಿಸಬೇಕು.

ಅಮೆರಿಕದ ಸರ್ಕಾರಿ ಗುತ್ತಿಗೆಗಳ ವಿಚಾರದಲ್ಲಿ ಎರಡು ಪರೀಕ್ಷೆಗಳು ರೂಢಿಗೆ ಬಂದಿವೆ: ದರಗಳು ಲೆಕ್ಕಕ್ಕೆ ಅಸಮವಾಗಿವೆಯೆ ಎಂಬುದು ಮೊದಲನೆಯದು, ಆ ಅಸಮತೆಯಿಂದ ಅಂತಿಮ ವೆಚ್ಚವು ನಿಜವಾಗಿಯೂ ಕಡಿಮೆಯಾಗುವುದೆಂಬ ಭರವಸೆ ಕೆಡುವುದೆ ಎಂಬುದು ಎರಡನೆಯದು. ಲೆಕ್ಕದ ಅಸಮತೆಯೊಂದರಿಂದಲೇ ತಿರಸ್ಕಾರವು ನ್ಯಾಯ್ಯವಾಗದು. ತನ್ನದೇ ಕ್ವಾರಿ ಅಥವಾ ಯಂತ್ರಗಳಿರುವ ಗುತ್ತಿಗೆದಾರನು ಕೆಲವು ಬಾಬ್ತುಗಳನ್ನು ಪ್ರಾಮಾಣಿಕವಾಗಿಯೇ ಅಗ್ಗಕ್ಕೆ ಮಾಡಬಲ್ಲನು. ದರ ವಿಶ್ಲೇಷಣೆಯನ್ನು ಕೇಳುವ ನಿಯಮದ ಸತ್ತ್ವವಿರುವುದು ಇದರಲ್ಲಿಯೇ.

ಟೆಂಡರು ಅಂಗೀಕಾರದ ಆಜ್ಞೆಯಿಂದ ಬಾಧಿತನಾದವನು 16ನೆಯ ಪ್ರಕರಣದಂತೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ನ್ಯಾಯಾಲಯಗಳಾದರೋ, 1994ರ ಟಾಟಾ ಸೆಲ್ಯುಲಾರ್ ಮತ್ತು 2006ರ ಜಗದೀಶ್ ಮಂಡಲ್ ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಹಾಕಿಕೊಟ್ಟ ಮಾರ್ಗದಂತೆ, ದರಗಳ ಯುಕ್ತಾಯುಕ್ತತೆಯನ್ನು ತಾವೇ ತೂಗುವುದಿಲ್ಲ. ನಿರ್ಣಯದಲ್ಲಿ ದುರುದ್ದೇಶ, ಪಕ್ಷಪಾತ ಅಥವಾ ವಿಚಾರಹೀನತೆ ಇದ್ದಿತೆ, ಸಾರ್ವಜನಿಕ ಹಿತಕ್ಕೆ ಬಾಧೆಯಾಯಿತೆ ಎಂಬುದನ್ನು ಮಾತ್ರ ನೋಡುತ್ತವೆ. ಆದ್ದರಿಂದ ತಿರಸ್ಕರಿಸುವ ಅಧಿಕಾರಿಯ ಕಡತದಲ್ಲಿ ದರ ವಿಶ್ಲೇಷಣೆಯನ್ನು ಕೇಳಿದ ಪತ್ರ, ಗುತ್ತಿಗೆದಾರನ ಉತ್ತರ, ಪರಿಮಾಣಗಳ ಮರುಲೆಕ್ಕ ಮತ್ತು ತಿರಸ್ಕಾರದ ಕಾರಣಗಳು, ಆಜ್ಞೆ ಹೊರಡುವ ಮುನ್ನವೇ ದಿನಾಂಕಸಹಿತ ದಾಖಲಾಗಿರತಕ್ಕದ್ದು.