ದವಡೆ ಮುಂಚಾಚುವ ಶಸ್ತ್ರಚಿಕಿತ್ಸೆ

ದವಡೆ ಮುಂಚಾಚುವ ಶಸ್ತ್ರಚಿಕಿತ್ಸೆಯು ಸ್ಲೀಪ್ ಆಪ್ನಿಯಾ ಎಂದು ಕರೆಯಲ್ಪಡುವ ನಿದ್ರಾ ಉಸಿರುಕಟ್ಟುವಿಕೆಗೆ ನೀಡುವ ಚಿಕಿತ್ಸೆಗಳಲ್ಲೊಂದು. ಇದರಲ್ಲಿ ಮೇಲ್ದವಡೆ ಹಾಗೂ ಕೆಳದವಡೆಗಳ ಮೂಳೆಯನ್ನು ಬಾಯಿಯ ಒಳಗಿನಿಂದಲೇ ಕತ್ತರಿಸಿ, ಸುಮಾರು 10 ಮಿಲಿಮೀಟರ್ ಮುಂದಕ್ಕೆ ಸರಿಸಿ, ಟೈಟಾನಿಯಂ ಪಟ್ಟಿಗಳಿಂದ ಬಿಗಿಯಲಾಗುತ್ತದೆ. ದವಡೆಗಳೊಡನೆ ಮೃದು ಅಂಗುಳ ಮತ್ತು ನಾಲಗೆಯ ಬುಡವೂ ಮುಂದೆ ಬರುವುದರಿಂದ ಶ್ವಾಸಮಾರ್ಗ ವಿಶಾಲವಾಗುತ್ತದೆ. ಮುಖದ ಆಕಾರವೂ ಬದಲಾಗುವುದು ಇದರ ಅನಿವಾರ್ಯ ಪರಿಣಾಮ.

ಯಾರಿಗೆ ಅಗತ್ಯ

ನಿದ್ರೆಯಲ್ಲಿ ಗಂಟೆಗೆ 15ರಿಂದ 30 ಬಾರಿ ಉಸಿರು ನಿಂತರೆ ಅಥವಾ ಕ್ಷೀಣಿಸಿದರೆ ರೋಗವು ಮಧ್ಯಮವೆಂದೂ, 30ಕ್ಕಿಂತ ಹೆಚ್ಚಾದರೆ ತೀವ್ರವೆಂದೂ ಪರಿಗಣಿಸಲಾಗುತ್ತದೆ. ಮೊದಲ ಚಿಕಿತ್ಸೆ 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ವರದಿ ಮಾಡಿದ ಸಿಪ್ಯಾಪ್ ಯಂತ್ರ. ಮುಖಕವಚದ ಮೂಲಕ ಗಾಳಿಯನ್ನು ಒತ್ತಡದಿಂದ ನೀಡುವ ಈ ಯಂತ್ರವನ್ನು ಪ್ರತಿ ರಾತ್ರಿ ಧರಿಸಬೇಕು. ಇದಕ್ಕೆ ಒಗ್ಗಿಕೊಳ್ಳಲಾರದವರಿಗೆ, ಅದರಲ್ಲೂ ದವಡೆ ಹಿಂದೆ ಸರಿದಿರುವವರಿಗೆ, ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಯಲ್ಲಿ ಉಸಿರುಕಟ್ಟುವಿಕೆ ಗಣನೀಯವಾಗಿ ತಗ್ಗುತ್ತದೆಯಾದರೂ ಸಂಪೂರ್ಣ ಗುಣ ಹೊಂದುವವರು ಅರ್ಧಕ್ಕಿಂತ ಕಡಿಮೆ.

ಮುಖದ ಮೇಲಿನ ಪರಿಣಾಮ

ಮೇಲ್ದವಡೆ ಮುಂದೆ ಬಂದಾಗ ಮೂಗಿನ ಬುಡ ಅಗಲವಾಗಿ ತುದಿ ತುಸು ಮೇಲೇಳುತ್ತದೆ, ಮೇಲ್ದುಟಿ ತುಂಬಿಕೊಳ್ಳುತ್ತದೆ. ಮೂಗಿನ ಅಗಲವನ್ನು ತಡೆಯಲು ವಿಶೇಷ ಹೊಲಿಗೆ ಹಾಕುವುದುಂಟು. ಗಲ್ಲ ಚಿಕ್ಕದಾಗಿರುವವರಿಗೂ ಮುಖದ ಚರ್ಮ ಸಡಿಲಗೊಂಡ ನಡುವಯಸ್ಸಿನವರಿಗೂ ಈ ಬದಲಾವಣೆ ಸಾಮಾನ್ಯವಾಗಿ ಒಪ್ಪುತ್ತದೆ. ಆದರೆ ಹಲ್ಲು ಮತ್ತು ತುಟಿಗಳು ಮೊದಲೇ ಮುಂಚಾಚಿರುವ ಮುಖಗಳಲ್ಲಿ, ಇವು ದಕ್ಷಿಣ ಭಾರತದಲ್ಲಿ ಅಪರೂಪವಲ್ಲ, ಬಾಯಿ ಉಬ್ಬಿದಂತೆ ಕಾಣಬಹುದು. ಅಂಥವರಲ್ಲಿ ಮುಂದವಡೆ ಹಲ್ಲುಗಳನ್ನು ಕಿತ್ತು, ದವಡೆಯ ಮುಂಭಾಗವನ್ನು ಹಿಂದಕ್ಕಿಟ್ಟು, ಉಳಿದ ಭಾಗವನ್ನಷ್ಟೇ ಮುಂದೂಡುವ ಮಾರ್ಪಡಿಸಿದ ವಿಧಾನವಿದೆ. ಬಾವು ಇಳಿದು ನಿಜವಾದ ಆಕಾರ ತಿಳಿಯಲು ಹಲವು ತಿಂಗಳು ಬೇಕು. ಕೆಳದುಟಿ ಮತ್ತು ಗಲ್ಲದ ಜೋಮು ಕೆಲವರಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ಇದಕ್ಕೆ ವಿರುದ್ಧವಾದ ಸಂದರ್ಭವೂ ಗಮನಾರ್ಹ. ಚೆಲುವಿಗಾಗಿ ಮುಂಚಾಚಿದ ಕೆಳದವಡೆಯನ್ನು ಹಿಂದೆ ಸರಿಸಿದಾಗ ಶ್ವಾಸಮಾರ್ಗ ಕಿರಿದಾಗಬಹುದು. ಆದ್ದರಿಂದ ಗೊರಕೆಯುಳ್ಳವರಲ್ಲಿ ಮೊದಲು ನಿದ್ರಾ ಪರೀಕ್ಷೆ ಮಾಡಿಸುವುದು ಸೂಕ್ತ.

ಕರ್ನಾಟಕದಲ್ಲಿ

ದವಡೆ ಶಸ್ತ್ರಚಿಕಿತ್ಸೆ ದಂತ ವೈದ್ಯಕೀಯದ ಸ್ನಾತಕೋತ್ತರ ವಿಷಯವಾದ್ದರಿಂದ ದಂತ ವೈದ್ಯಕೀಯ ಮಹಾವಿದ್ಯಾಲಯಗಳಲ್ಲಿ ಇದರ ವಿಭಾಗಗಳಿವೆ. ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಮುಂತಾದ ಊರುಗಳಿಗೆ ಸಮೀಪದವು ದಾವಣಗೆರೆಯ ಬಾಪೂಜಿ ದಂತ ಮಹಾವಿದ್ಯಾಲಯ ಹಾಗೂ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್. ಧಾರವಾಡದ ಎಸ್‌ಡಿಎಂ ದಂತ ಮಹಾವಿದ್ಯಾಲಯವು ಮುಖ ಮತ್ತು ತಲೆಬುರುಡೆಯ ಶಸ್ತ್ರಚಿಕಿತ್ಸೆಗೆ ಹೆಸರಾಗಿದೆ. ಹಲ್ಲುಗಳ ಜೋಡಣೆಗಾಗಿ ಮೊದಲೇ ತಂತಿ ಹಾಕಬೇಕಾದಲ್ಲಿ ಒಟ್ಟು ಚಿಕಿತ್ಸೆ ಒಂದು ವರ್ಷಕ್ಕೂ ಮೀರುತ್ತದೆ.