ಡೇವಿ ಅಂಡ್ ಗೋಲಿಯಾತ್

'ಡೇವಿ ಅಂಡ್ ಗೋಲಿಯಾತ್' ಕ್ರೈಸ್ತ ನೀತಿಬೋಧೆಯನ್ನು ಆಧರಿಸಿದ, ಅಮೆರಿಕ ಸಂಯುಕ್ತ ಸಂಸ್ಥಾನದ ಮಕ್ಕಳ ದೂರದರ್ಶನ ಸರಣಿ. ಇದರ ಪ್ರಸಾರ 1961ರಲ್ಲಿ ಆರಂಭವಾಯಿತು. 'ಗಂಬಿ' ಎಂಬ ಜೇಡಿಮಣ್ಣಿನ ಗೊಂಬೆಯ ಸೃಷ್ಟಿಕರ್ತ ಆರ್ಟ್ ಕ್ಲೋಕಿ ಮತ್ತು ಅವರ ಪತ್ನಿ ರೂತ್ ಕ್ಲೋಕಿ ಇದನ್ನು ಲೂಥರನ್ ಚರ್ಚಿಗಾಗಿ ನಿರ್ಮಿಸಿದರು.

ಹಿನ್ನೆಲೆ

1950ರ ದಶಕದಲ್ಲಿ ಅಮೆರಿಕದ ಮನೆಗಳಲ್ಲಿ ದೂರದರ್ಶನವು ವ್ಯಾಪಕವಾಗಿ ಬಳಕೆಗೆ ಬಂದಿತು. ಸಾರ್ವಜನಿಕ ಹಿತಕ್ಕಾಗಿ ಕಾರ್ಯನಿರ್ವಹಿಸಬೇಕೆಂಬುದು ಕೇಂದ್ರಗಳ ಪರವಾನಗಿಗೆ ಸಂಬಂಧಿಸಿದ ಹೊಣೆಯಾಗಿದ್ದುದರಿಂದ, ಅನೇಕ ಕೇಂದ್ರಗಳು ಧಾರ್ಮಿಕ ಸಂಸ್ಥೆಗಳಿಗೆ ಉಚಿತವಾಗಿ ಸಮಯ ನೀಡುತ್ತಿದ್ದವು. ಆ ಸಮಯವನ್ನು ಬಹುಪಾಲು ಪ್ರವಚನಗಳೇ ತುಂಬುತ್ತಿದ್ದವು. ಮಕ್ಕಳು ತಾವಾಗಿಯೇ ಕುಳಿತು ನೋಡುವಂತಹ ಕಾರ್ಯಕ್ರಮವೊಂದನ್ನು ರೂಪಿಸಲು ಯುನೈಟೆಡ್ ಲೂಥರನ್ ಚರ್ಚ್ ಇನ್ ಅಮೆರಿಕ ಸಂಸ್ಥೆಯು ನಿರ್ಧರಿಸಿತು. ಅದರ ಪ್ರಸಾರ ವಿಭಾಗದಲ್ಲಿದ್ದ ಡಿಕ್ ಸಟ್‌ಕ್ಲಿಫ್ ಈ ಯೋಜನೆಯಲ್ಲಿ ಪ್ರಮುಖ ಪಾತ್ರ ವಹಿಸಿದರು.

ಕಥಾವಸ್ತು

ಡೇವಿ ಹ್ಯಾನ್ಸೆನ್ ಎಂಬ ಬಾಲಕ ಮತ್ತು ಅವನ ನಾಯಿ ಗೋಲಿಯಾತ್ ಪ್ರಧಾನ ಪಾತ್ರಗಳು. ಬೈಬಲಿನಲ್ಲಿ ಶತ್ರುಗಳಾಗಿರುವ ದಾವೀದ ಮತ್ತು ಗೊಲ್ಯಾತರ ಹೆಸರುಗಳನ್ನು ಇಲ್ಲಿ ಇಬ್ಬರು ಗೆಳೆಯರಿಗೆ ಇಡಲಾಗಿದೆ. ನಾಯಿಯ ಮಾತು ಡೇವಿಗೆ ಮತ್ತು ವೀಕ್ಷಕರಿಗೆ ಮಾತ್ರ ಕೇಳಿಸುತ್ತದೆ. ಡೇವಿ ತಪ್ಪು ಮಾಡುವ ಮುನ್ನ ಗೋಲಿಯಾತ್ ಎಚ್ಚರಿಸುತ್ತದೆ. ಹೀಗಾಗಿ ಅದು ಅವನ ಅಂತಃಸಾಕ್ಷಿಯಂತೆ ವರ್ತಿಸುತ್ತದೆ. ಸುಳ್ಳು, ಹೊಣೆಗೇಡಿತನ, ಕ್ಷಮೆ ಮುಂತಾದ ವಿಷಯಗಳು ದಿನನಿತ್ಯದ ಘಟನೆಗಳ ಮೂಲಕವೇ ನಿರೂಪಿತವಾಗುತ್ತವೆ. ಡೇವಿಯ ಗೆಳೆಯರಲ್ಲಿ ಜೊನಾಥನ್ ಎಂಬ ಕಪ್ಪುವರ್ಣೀಯ ಬಾಲಕನೂ ಇದ್ದಾನೆ. ವರ್ಣಭೇದದ ವಿರುದ್ಧ ಹೋರಾಟ ನಡೆದ ದಶಕದಲ್ಲಿ ಆರಂಭವಾದ ಮಕ್ಕಳ ಸರಣಿಯಲ್ಲಿ ಇಂತಹ ಸ್ನೇಹದ ಚಿತ್ರಣವು ಗಮನಾರ್ಹವೆನಿಸಿದೆ.

ನಿರ್ಮಾಣ

ಸರಣಿಯನ್ನು ಸ್ಟಾಪ್ ಮೋಷನ್ ತಂತ್ರದಿಂದ ಚಿತ್ರೀಕರಿಸಲಾಯಿತು. ಗೊಂಬೆಯ ಭಂಗಿಯನ್ನು ಸ್ವಲ್ಪಸ್ವಲ್ಪವೇ ಬದಲಿಸಿ, ಪ್ರತಿ ಬದಲಾವಣೆಯನ್ನೂ ಪ್ರತ್ಯೇಕವಾಗಿ ಚಿತ್ರಿಸಿ, ಆ ಚಿತ್ರಗಳನ್ನು ವೇಗವಾಗಿ ತೋರಿಸಿದಾಗ ಚಲನೆಯ ಭ್ರಮೆ ಉಂಟಾಗುತ್ತದೆ. ಸಾಮಾನ್ಯ ಕಂತುಗಳ ಅವಧಿ ಸುಮಾರು 15 ನಿಮಿಷ. ಗೋಲಿಯಾತ್ ಪಾತ್ರಕ್ಕೆ ಹ್ಯಾಲ್ ಸ್ಮಿತ್ ಧ್ವನಿ ನೀಡಿದರು. ಡೇವಿಯ ತಂದೆಯ ಧ್ವನಿಯೂ ಅವರದೇ. ಮಾರ್ಟಿನ್ ಲೂಥರ್ ರಚಿಸಿದ ಸ್ತೋತ್ರಗೀತೆಯೊಂದರ ರಾಗವು ಶೀರ್ಷಿಕೆ ಸಂಗೀತವಾಗಿದೆ.

ಪ್ರಸಾರ ಮತ್ತು ಪ್ರಭಾವ

ಕಂತುಗಳನ್ನು ಕೇಂದ್ರಗಳಿಗೆ ಉಚಿತವಾಗಿ ಒದಗಿಸಲಾಗುತ್ತಿತ್ತು. ಒಂದು ಪಂಗಡದ ಸಿದ್ಧಾಂತಕ್ಕಿಂತ ಎಲ್ಲರಿಗೂ ಒಪ್ಪುವ ನೀತಿಗೆ ಒತ್ತು ನೀಡಿದ್ದರಿಂದ ಸರಣಿಯು ಲೂಥರನ್ನರಲ್ಲದ ಕುಟುಂಬಗಳನ್ನೂ ತಲುಪಿತು. ಹಬ್ಬಗಳಿಗಾಗಿ ಅರ್ಧ ಗಂಟೆಯ ವಿಶೇಷ ಕಂತುಗಳೂ ನಿರ್ಮಾಣವಾದವು. ಮೂಲ ಚರ್ಚು 1962ರಲ್ಲಿ ಲೂಥರನ್ ಚರ್ಚ್ ಇನ್ ಅಮೆರಿಕದಲ್ಲಿ ವಿಲೀನವಾಯಿತು. 1988ರಲ್ಲಿ ಅದು ಇವಾಂಜೆಲಿಕಲ್ ಲೂಥರನ್ ಚರ್ಚ್ ಇನ್ ಅಮೆರಿಕದ ಭಾಗವಾಯಿತು.

2001ರಲ್ಲಿ ಡೇವಿ ಮತ್ತು ಗೋಲಿಯಾತ್ ಒಂದು ತಂಪು ಪಾನೀಯದ ಜಾಹೀರಾತಿನಲ್ಲಿ ಕಾಣಿಸಿಕೊಂಡರು. 2004ರಲ್ಲಿ 'ಸ್ನೋಬೋರ್ಡ್ ಕ್ರಿಸ್‌ಮಸ್' ಎಂಬ ಹೊಸ ವಿಶೇಷ ಕಂತು ಪ್ರಸಾರವಾಯಿತು. ಇದರಲ್ಲಿ ಡೇವಿಯು ಯಹೂದಿ ಮತ್ತು ಮುಸ್ಲಿಂ ಗೆಳೆಯರಿಂದ ಅವರ ಧಾರ್ಮಿಕ ಆಚರಣೆಗಳನ್ನು ತಿಳಿದುಕೊಳ್ಳುತ್ತಾನೆ. ಆರ್ಟ್ ಕ್ಲೋಕಿ 2010ರಲ್ಲಿ ನಿಧನರಾದರು.